ಷಿಕಾಗೋ ನಗರದ ಮೊನಾಡ್ನಾಕ್ ಕಟ್ಟಡ

ದೇವಾಲಯಗಳ ಚರಿತ್ರೆಯನ್ನೂ ಅರಮನೆಗಳ ಚರಿತ್ರೆಯನ್ನೂ ಕೇಳುವುದು ನಮಗೆ ಅಭ್ಯಾಸವಾಗಿದೆ. ಬೇಲೂರಿನ ಗುಡಿಯನ್ನು ಕಟ್ಟಿಸಿದ ದೊರೆ ಯಾರು, ಯಾವ ಕಾಲದಲ್ಲಿ ಕಟ್ಟಿಸಿದನು ಎಂಬುದನ್ನು ಶಾಸನಗಳು ಹೇಳುತ್ತವೆ. ಅವನ್ನು ಓದುವ ವಿದ್ವಾಂಸರೂ ಇದ್ದಾರೆ. ಆದರೆ ಪಟ್ಟಣದ ನಡುವೆ, ವ್ಯಾಪಾರದ ಬೀದಿಯಲ್ಲಿ, ಬಾಡಿಗೆಗೆಂದು ಕಟ್ಟಿದ ಕಚೇರಿಯ ಕಟ್ಟಡಕ್ಕೂ ಒಂದು ಚರಿತ್ರೆ ಉಂಟೆಂಬುದು ನಮಗೆ ಥಟ್ಟನೆ ಹೊಳೆಯುವುದಿಲ್ಲ. ಅದನ್ನು ಕಟ್ಟಿಸಿದವನು ಪುಣ್ಯವನ್ನಾಗಲಿ ಕೀರ್ತಿಯನ್ನಾಗಲಿ ಬಯಸಿದವನಲ್ಲ. ಹಾಕಿದ ಬಂಡವಾಳಕ್ಕೆ ತಕ್ಕ ವರಮಾನ ಬಂದರೆ ಅವನಿಗೆ ತೃಪ್ತಿ. ಅಂಥ ಕಟ್ಟಡದ ಶಾಸನವೆಂದರೆ ಅದರ ಲೆಕ್ಕದ ಪುಸ್ತಕವೇ.

ಆ ಲೆಕ್ಕದ ಪುಸ್ತಕದಿಂದಲೂ ಒಂದೊಂದು ವೇಳೆ ದೊಡ್ಡ ಕಲೆ ಹುಟ್ಟುವುದುಂಟು. ಅಮೆರಿಕದ ಷಿಕಾಗೋ ನಗರದಲ್ಲಿ, ಜ್ಯಾಕ್ಸನ್ ಮತ್ತು ಡಿಯರ್‌ಬಾರ್ನ್ ಎಂಬ ಎರಡು ಬೀದಿಗಳು ಕೂಡುವ ಮೂಲೆಯಲ್ಲಿ, ಮೊನಾಡ್ನಾಕ್ ಎಂಬ ಹೆಸರಿನ ಕಟ್ಟಡವೊಂದಿದೆ. ಹೊರಗಿನಿಂದ ನೋಡಿದರೆ ಅದು ಕಂದುಬಣ್ಣದ ಒಂದೇ ಉದ್ದನೆಯ ಇಟ್ಟಿಗೆಯ ಕಟ್ಟಡ. ಪರೀಕ್ಷಿಸಿ ನೋಡಿದರೆ ಅದು ಎರಡು. ಉತ್ತರಾರ್ಧ 1891ರಲ್ಲಿ ಮುಗಿಯಿತು, ದಕ್ಷಿಣಾರ್ಧ 1893ರಲ್ಲಿ. ನಡುವೆ ಎರಡೇ ವರ್ಷ. ಆದರೆ ಗೋಡೆಯೇ ಮನೆಯ ಭಾರವನ್ನು ಹೊರಬೇಕೆಂಬ ಸಹಸ್ರಾರು ವರ್ಷಗಳ ಪದ್ಧತಿ ಉತ್ತರಾರ್ಧದಲ್ಲಿ ಮುಗಿಯುತ್ತದೆ. ಉಕ್ಕಿನ ಹಂದರ ಭಾರವನ್ನು ಹೊತ್ತು, ಗೋಡೆ ಬರಿಯ ಹೊದಿಕೆಯಾಗುವ ಹೊಸ ಪದ್ಧತಿ ದಕ್ಷಿಣಾರ್ಧದಲ್ಲಿ ಕಾಣುತ್ತದೆ. ಎರಡು ಯುಗಗಳು ಒಂದೇ ಓಣಿಯ ಎರಡು ತುದಿಗಳಲ್ಲಿ ನಿಂತಿರುವುದನ್ನು ಹೀಗೆ ಕಾಣುವುದು ಅಪೂರ್ವ.

ಈ ಕಟ್ಟಡ ಏಕೆ ಹುಟ್ಟಿತೆಂಬುದನ್ನು ತಿಳಿಯಬೇಕಾದರೆ ಆ ನಗರದ ವಿಚಾರವನ್ನು ಸ್ವಲ್ಪ ಹೇಳಬೇಕು. 1871ರ ಅಕ್ಟೋಬರ್ ತಿಂಗಳಲ್ಲಿ ಷಿಕಾಗೋ ನಗರಕ್ಕೆ ಬೆಂಕಿ ಬಿದ್ದಿತು. ಊರಿನ ಬಹುಭಾಗ ಮರದಿಂದ ಕಟ್ಟಿದ್ದು. ಮೂರು ದಿನಗಳೊಳಗೆ ಸುಮಾರು 17,000 ಕಟ್ಟಡಗಳು ಸುಟ್ಟುಹೋದುವು. ಸುಮಾರು 300 ಮಂದಿ ಸತ್ತರು. ಸುಮಾರು ಒಂದು ಲಕ್ಷ ಮಂದಿಗೆ ನೆಲೆ ಇಲ್ಲದಂತಾಯಿತು. ಆದರೆ ರೈಲುದಾರಿಗಳೂ ಸರೋವರದ ಬಂದರೂ ಧಾನ್ಯ ಮತ್ತು ಮಾಂಸದ ವ್ಯಾಪಾರವೂ ಅಲ್ಲಿಯೇ ಇದ್ದುದರಿಂದ ಊರು ಬೂದಿಯಿಂದ ಬಹು ಬೇಗ ಮೇಲೆದ್ದಿತು. 1880ರಲ್ಲಿ ಐದು ಲಕ್ಷವಿದ್ದ ಜನಸಂಖ್ಯೆ 1890ರಲ್ಲಿ ಹತ್ತು ಲಕ್ಷವನ್ನು ಮೀರಿತು. ನದಿ, ಸರೋವರ, ರೈಲುನಿಲ್ದಾಣಗಳ ನಡುವೆ ಸಿಕ್ಕಿಕೊಂಡಿದ್ದ ಪೇಟೆಯ ನೆಲಕ್ಕೆ ಬೆಲೆ ಏರುತ್ತ ಹೋಯಿತು. ಅಕ್ಕಪಕ್ಕಕ್ಕೆ ಹಬ್ಬಲು ಎಡೆಯಿಲ್ಲದಾಗ ಉಳಿದ ದಿಕ್ಕು ಒಂದೇ, ಆಕಾಶ.

ಮೇಲಕ್ಕೆ ಏರುವುದಕ್ಕೆ ಹಿಂದೆ ಇದ್ದ ಅಡ್ಡಿ ಮನುಷ್ಯನ ಕಾಲುಗಳು. ನಾಲ್ಕೈದು ಅಂತಸ್ತುಗಳ ಮೇಲೆ ಹತ್ತಿಹೋಗಲು ಯಾವ ಕಕ್ಷಿಗಾರನೂ ಒಪ್ಪುವುದಿಲ್ಲ; ಆದುದರಿಂದ ಅಲ್ಲಿನ ಕೋಣೆಗೆ ಬಾಡಿಗೆಯೂ ಹುಟ್ಟುವುದಿಲ್ಲ. ಹಗ್ಗ ಹರಿದರೂ ಕೆಳಗೆ ಬೀಳದಂಥ ಲಿಫ್ಟನ್ನು ಎಲೀಷಾ ಓಟಿಸ್ ಎಂಬಾತನು 1850ರ ದಶಕದಲ್ಲಿ ತೋರಿಸಿದ ಮೇಲೆ ಈ ಅಡ್ಡಿ ಹೋಯಿತು. ಬೆಳಕೂ ಗಾಳಿಯೂ ಹೆಚ್ಚಾಗಿರುವ, ಬೀದಿಯ ಗಲಭೆ ಕಡಮೆಯಾಗಿರುವ ಮೇಲಿನ ಅಂತಸ್ತೇ ಮೇಲಾಯಿತು. ಮಿಕ್ಕ ಅಡ್ಡಿಗಳು ಎರಡು: ಒಂದು ಗೋಡೆಯ ದಪ್ಪ, ಇನ್ನೊಂದು ಕೆಳಗಿನ ಮಣ್ಣು.

ಬಾಸ್ಟನ್ ನಗರದ ಪೀಟರ್ ಬ್ರೂಕ್ಸ್ ಮತ್ತು ಷೆಪರ್ಡ್ ಬ್ರೂಕ್ಸ್ ಎಂಬ ಸೋದರರು ಷಿಕಾಗೋ ನಗರದಲ್ಲಿ ಹಣ ತೊಡಗಿಸಿದ ಬಂಡವಾಳಗಾರರು. ಅವರ ಪರವಾಗಿ ಅಲ್ಲಿ ವ್ಯವಹಾರ ನೋಡುತ್ತಿದ್ದವನು ಓವನ್ ಆಲ್ಡಿಸ್. ಅವರಿಗೆ ಕಟ್ಟಡಗಳನ್ನು ರಚಿಸಿಕೊಡುತ್ತಿದ್ದವರು ಡೇನಿಯಲ್ ಬರ್ನಮ್ ಮತ್ತು ಜಾನ್ ರೂಟ್ ಎಂಬ ಜೊತೆ ವಾಸ್ತುಶಿಲ್ಪಿಗಳು. ವ್ಯವಹಾರದ ಭಾರ ಬರ್ನಮನದು, ರೂಪದ ಭಾರ ರೂಟನದು. 1882ರಲ್ಲಿ ಅವರು ಇದೇ ಸೋದರರಿಗೆ ಹತ್ತು ಅಂತಸ್ತಿನ ಮಾಂಟಾಕ್ ಕಟ್ಟಡವನ್ನು ಕಟ್ಟಿಕೊಟ್ಟಿದ್ದರು. ಅದಕ್ಕಿಂತ ಎತ್ತರದ ಇನ್ನೊಂದಕ್ಕಾಗಿ ಪೇಟೆಯ ದಕ್ಷಿಣದ ಅಂಚಿನಲ್ಲಿ ಉದ್ದವಾದ, ಕಿರಿದಾದ ನಿವೇಶನವನ್ನು ಕೊಂಡರು. ಅಷ್ಟು ದೂರಕ್ಕೆ ವರ್ತಕರು ಬರುವರೇ ಎಂಬ ಅನುಮಾನ ಹಲವರಿಗೆ ಇತ್ತು, ಆಲ್ಡಿಸನಿಗೆ ಇರಲಿಲ್ಲ.

1884ರ ಸುಮಾರಿಗೆ ಆರಂಭವಾದ ನಕ್ಷೆಯ ಕೆಲಸ ಹಲವು ವರ್ಷ ನಿಂತು ನಿಂತು ಸಾಗಿತು. ರೂಟನು ಮೊದಲು ಬರೆದ ನಕ್ಷೆಗಳಲ್ಲಿ ಈಜಿಪ್ಟ್ ದೇಶದ ಶಿಲ್ಪವನ್ನು ಅನುಸರಿಸಿದ ಅಲಂಕಾರಗಳಿದ್ದುವು. ಪೀಟರ್ ಬ್ರೂಕ್ಸನಿಗೆ ಅವು ಬೇಕಿರಲಿಲ್ಲ. ಅವನು ಆಲ್ಡಿಸನಿಗೆ ಬರೆದ ಪತ್ರಗಳು ಉಳಿದು ಬಂದಿವೆ. ಮೇಲ್ಮೈಯಲ್ಲಿ ಉಬ್ಬೂ ಬೇಡ, ತಗ್ಗೂ ಬೇಡ. ಹೊರಕ್ಕೆ ಚಾಚಿದ ಅಲಂಕಾರದ ಮೇಲೆ ಕೊಳೆ ಕೂರುತ್ತದೆ, ಪಾರಿವಾಳಗಳೂ ಗುಬ್ಬಚ್ಚಿಗಳೂ ಗೂಡು ಮಾಡುತ್ತವೆ. ಅದರಿಂದ ಕಟ್ಟಡಕ್ಕೆ ಬಲವೂ ಬರುವುದಿಲ್ಲ ಎಂಬುದು ಅವನ ವಾದದ ಸಾರ. ನಮ್ಮ ಶಿಲ್ಪಶಾಸ್ತ್ರದಲ್ಲಿ ಗೋಡೆಯ ಮೇಲುಗಡೆ ಹೊರಕ್ಕೆ ಚಾಚುವ ಅಂಗಕ್ಕೆ ಕಪೋತವೆಂದೇ ಹೆಸರು, ಕಪೋತವೆಂದರೆ ಪಾರಿವಾಳ. ನಮ್ಮ ಶಿಲ್ಪಿಗಳು ಆ ಹಕ್ಕಿಗೆ ಕಟ್ಟಡದಲ್ಲಿ ಒಂದು ಹೆಸರನ್ನೇ ಕೊಟ್ಟರೆ, ಬಾಸ್ಟನ್ನಿನ ಸಾಹುಕಾರನು ಅದಕ್ಕೆ ಕಾಲೂರಲು ಎಡೆ ಕೊಡಲಿಲ್ಲ.

ರೂಟನು ಊರಿನಲ್ಲಿಲ್ಲದಿದ್ದಾಗ ಬರ್ನಮನು ಅಲಂಕಾರವಿಲ್ಲದ ನಕ್ಷೆಯೊಂದನ್ನು ಕಚೇರಿಯಲ್ಲಿ ಬರೆಯಿಸಿದನೆಂದೂ, ಹಿಂದಿರುಗಿ ಬಂದ ರೂಟನು ಅದನ್ನು ಕಂಡು ಮೊದಲು ರೇಗಿದನೆಂದೂ ಹೇಳುತ್ತಾರೆ. ಬಳಿಕ ಅವನು ಆ ಬಡತನವನ್ನೇ ಸಂಪತ್ತಾಗಿ ಮಾರ್ಪಡಿಸಿಕೊಂಡನು. ಅಲಂಕಾರವನ್ನು ತೆಗೆದರೆ ಉಳಿಯುವುದು ಗೋಡೆ, ಗೋಡೆಯೇ ಸುಂದರವಾಗಬೇಕು. ಈಜಿಪ್ಟಿನ ದ್ವಾರಗೋಪುರಗಳ ನೆನಪು ಅವನ ಮನಸ್ಸಿನಲ್ಲಿ ಇದ್ದೇ ಇತ್ತು. ನೆಲದ ಹತ್ತಿರ ಅಗಲವಾಗಿರುವ ಗೋಡೆ ಎರಡನೆಯ ಅಂತಸ್ತಿನ ಬಳಿ ಮೆಲ್ಲನೆ ಒಳಕ್ಕೆ ಬಾಗುತ್ತದೆ. ಅಲ್ಲಿಂದ ನೆಟ್ಟಗೆ ಏರಿ, ತುದಿಯಲ್ಲಿ ಮತ್ತೆ ಮೆಲ್ಲನೆ ಹೊರಕ್ಕೆ ಅರಳುತ್ತದೆ. ಮೂಲೆಗಳ ಅಂಚು ಮೇಲೇರಿದಂತೆಲ್ಲ ಸವರಿಕೊಂಡು ಹೋಗುತ್ತದೆ. ಈ ಬಾಗುಗಳಿಗಾಗಿ ಬೇರೆ ಬೇರೆ ಆಕಾರದ ಇಟ್ಟಿಗೆಗಳನ್ನು ಅಚ್ಚಿನಲ್ಲಿ ಮಾಡಿಸಬೇಕಾಯಿತು. ಕೋಣೆಗಳಿಗೆ ಬೆಳಕು ಬರಲೆಂದು ಗೋಡೆಯಿಂದ ಅಲೆ ಎದ್ದಂತೆ ಹೊರಚಾಚಿದ ಕಿಟಕಿಗಳ ಸಾಲುಗಳುಂಟು. ಮಿಕ್ಕೆಲ್ಲವೂ ಬರಿಯ ಇಟ್ಟಿಗೆ. ಷಿಕಾಗೋ ನಗರದ ಇನ್ನೊಬ್ಬ ಮಹಾಶಿಲ್ಪಿಯಾದ ಲೂಯಿಸ್ ಸಲಿವನ್ ಇದನ್ನು ಬಹುವಾಗಿ ಮೆಚ್ಚಿಕೊಂಡು ಬರೆದಿದ್ದಾನೆ. ಲೋಭದಿಂದ ಬಂದ ಆಜ್ಞೆಯೊಂದು ಕಲಾವಿದನ ಕೈಯಲ್ಲಿ ಸಂಯಮವಾಗಿ ಪರಿಣಮಿಸಿತು.

ಇನ್ನು ಗೋಡೆಯ ದಪ್ಪದ ವಿಚಾರ. ಆ ಕಾಲದ ಕಟ್ಟುವವರಲ್ಲಿ ರೂಢಿಯಾಗಿದ್ದ ಲೆಕ್ಕ ಹೀಗೆ: ಒಂದು ಅಂತಸ್ತಿನ ಮನೆಗೆ ಇಟ್ಟಿಗೆಯ ಗೋಡೆ 12 ಅಂಗುಲ ದಪ್ಪವಿರಬೇಕು, ಮೇಲೆ ಒಂದೊಂದು ಅಂತಸ್ತು ಹೆಚ್ಚಿದಂತೆ ಬುಡದ ದಪ್ಪಕ್ಕೆ ನಾಲ್ಕು ನಾಲ್ಕು ಅಂಗುಲ ಕೂಡಿಸಬೇಕು. ಈ ಕಟ್ಟಡದ ಉತ್ತರಾರ್ಧಕ್ಕೆ 16 ಅಂತಸ್ತು. ಎತ್ತರ 215 ಅಡಿ. ಮೊದಲನೆಯ ಅಂತಸ್ತಿಗೆ 12 ಅಂಗುಲ, ಉಳಿದ ಹದಿನೈದಕ್ಕೆ 60 ಅಂಗುಲ, ಒಟ್ಟು 72 ಅಂಗುಲ, ಎಂದರೆ ಆರು ಅಡಿ. ಬೀದಿಯ ಮಟ್ಟದಲ್ಲಿ ಈ ಗೋಡೆ ನಿಜವಾಗಿಯೂ ಆರು ಅಡಿ ದಪ್ಪವಾಗಿದೆ. ಎತ್ತರದ ಮನುಷ್ಯನೊಬ್ಬನು ಕಿಟಕಿಯ ಪಡಿಯಲ್ಲಿ ಅಡ್ಡಲಾಗಿ ಕಾಲು ಚಾಚಿ ಮಲಗಬಹುದು.

ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಗೋಡೆಗಳನ್ನು ಬಲ್ಲವರಿಗೆ ಇದರಲ್ಲಿ ಒಂದು ಬಗೆಯ ಹಿತ ಕಾಣಬಹುದು. ಆದರೆ ಬಾಡಿಗೆಯ ದೃಷ್ಟಿಯಿಂದ ಇದು ನಷ್ಟ. ಪಟ್ಟಣದಲ್ಲಿ ಅತ್ಯಂತ ಹೆಚ್ಚು ಬಾಡಿಗೆ ಬರುವ ಜಾಗ ಬೀದಿಗೆ ಸೇರಿದ ನೆಲದಂತಸ್ತು. ಅಲ್ಲಿಯೇ ಗೋಡೆ ಅತ್ಯಂತ ದಪ್ಪ. ಕಟ್ಟಡ ಎತ್ತರವಾದಷ್ಟೂ ಅದು ತನ್ನ ಬುಡದ ಜಾಗವನ್ನು ತಾನೇ ತಿನ್ನುತ್ತದೆ; ಅಂಗಡಿಯ ಮುಂಭಾಗದ ಕಿಟಕಿ ಸುರಂಗದ ಬಾಯಿಯಂತಾಗುತ್ತದೆ. ಇನ್ನೂ ಕೆಲವು ಅಂತಸ್ತುಗಳು ಏರಿದ್ದರೆ, ಮೇಲೆ ದೊರೆತದ್ದನ್ನು ಕೆಳಗೆ ಕಳೆದುಕೊಳ್ಳಬೇಕಾಗುತ್ತಿತ್ತು. ಗೋಡೆಯ ಯುಗದ ಗಡಿ ಇಂಜಿನಿಯರಿನ ಅಸಾಮರ್ಥ್ಯದಿಂದ ಬಂದುದಲ್ಲ, ಲೆಕ್ಕದಿಂದ ಬಂದುದು.

ಎರಡನೆಯ ಅಡ್ಡಿ ಮಣ್ಣು. ಷಿಕಾಗೋ ನಗರದ ಕೆಳಗಿರುವುದು ಮೆತ್ತನೆಯ ಜೇಡಿ. ಬಂಡೆ ಬಹು ಆಳದಲ್ಲಿದೆ. ರೈಲುಕಂಬಿಗಳಂಥ ಉಕ್ಕಿನ ತೊಲೆಗಳನ್ನು ಅಡ್ಡಡ್ಡಲಾಗಿ ಪದರ ಪದರವಾಗಿ ಜೋಡಿಸಿ, ಕಾಂಕ್ರೀಟಿನಲ್ಲಿ ಹುದುಗಿಸಿ, ತೆಪ್ಪದಂತೆ ಅಗಲವಾದ ಅಸ್ತಿಭಾರವನ್ನು ರೂಟನು ಮಾಡಿದನು. ಭಾರ ಹರಡಿದರೆ ಮಣ್ಣು ತಡೆಯುತ್ತದೆಂಬುದು ಇದರ ತತ್ತ್ವ. ಆ ತೆಪ್ಪವೂ ಜೇಡಿಯಲ್ಲಿ ಸ್ವಲ್ಪ ಮುಳುಗಿಯೇ ಮುಳುಗುವುದೆಂದು ತಿಳಿದು, ಎಂಟು ಅಂಗುಲ ಕುಸಿತಕ್ಕೆ ಮೊದಲೇ ಅವಕಾಶ ಬಿಟ್ಟಿದ್ದರು. ಇಟ್ಟಿಗೆಯ ತೂಕ ಆ ಲೆಕ್ಕವನ್ನು ಮೀರಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಕಟ್ಟಡ ಸುಮಾರು 20 ಅಂಗುಲ ಇಳಿದಿತ್ತು.

ಇಷ್ಟೆಲ್ಲ ಕಷ್ಟಪಟ್ಟು ಗೋಡೆಯನ್ನೇ ಏಕೆ ಕಟ್ಟಿದರು ಎಂದು ಕೇಳಬಹುದು. ಬೇರೆ ದಾರಿ ಆಗ ಗೊತ್ತಿರಲಿಲ್ಲವೆಂದಲ್ಲ. ಅದೇ ನಗರದಲ್ಲಿ ವಿಲಿಯಂ ಜೆನ್ನಿ ಎಂಬಾತನು ಹೋಂ ಇನ್ಷೂರೆನ್ಸ್ ಕಂಪೆನಿಯ ಹತ್ತು ಅಂತಸ್ತಿನ ಕಟ್ಟಡದಲ್ಲಿ ಭಾರದ ಬಹುಭಾಗವನ್ನು ಲೋಹದ ಹಂದರದ ಮೇಲೆ ಹೊರಿಸಿದ್ದನು. ಅದು ಮುಗಿದದ್ದು 1885ರಲ್ಲಿ. 1889ರಲ್ಲಿ ಹೊಲಬರ್ಡ್ ಮತ್ತು ರೋಷ್ ಎಂಬ ಶಿಲ್ಪಿಗಳು ಟಕೋಮಾ ಕಟ್ಟಡದಲ್ಲಿ ಅದನ್ನು ಇನ್ನೂ ಮುಂದುವರಿಸಿದ್ದರು. ಆದರೆ ಬ್ರೂಕ್ಸ್ ಸೋದರರಿಗೆ ಇಟ್ಟಿಗೆಯಲ್ಲಿದ್ದ ನೆಚ್ಚಿಕೆ ಹೊಸ ಹಂದರದಲ್ಲಿ ಇನ್ನೂ ಬಂದಿರಲಿಲ್ಲ. ಬರಿಯ ಕಬ್ಬಿಣ ಬೆಂಕಿಯಲ್ಲಿ ಬಾಗಿಹೋದುದನ್ನು ಆ ಊರು 1871ರಲ್ಲಿ ಕಣ್ಣಾರೆ ಕಂಡಿತ್ತು. ಹಣ ಹಾಕುವವನು ತಾನು ಬಲ್ಲ ವಸ್ತುವನ್ನೇ ನಂಬುವುದು ಸಹಜ. ಆದರೂ ಉತ್ತರಾರ್ಧದ ಒಳಗೆ ಕಬ್ಬಿಣದ ಕಂಬಗಳೂ ಗಾಳಿಯ ಒತ್ತಡವನ್ನು ತಡೆಯುವ ಲೋಹದ ಕಟ್ಟುಗಳೂ ಇವೆ. ಮೆಟ್ಟಿಲುಗಳಲ್ಲಿ ಅಂದಿಗೆ ತೀರ ಹೊಸದಾಗಿದ್ದ ಅಲ್ಯೂಮಿನಿಯಂ ಸಹ ಇದೆ. ಹೊರಗೆ ಪುರಾತನ, ಒಳಗೆ ನೂತನ.

ಉತ್ತರಾರ್ಧ ಪೂರ್ಣವಾಗುವುದನ್ನು ನೋಡುವ ಭಾಗ್ಯ ರೂಟನಿಗೆ ಇರಲಿಲ್ಲ. 1891ರ ಜನವರಿ 15ರಂದು, 41ನೆಯ ವಯಸ್ಸಿನಲ್ಲಿ, ಅವನು ನ್ಯೂಮೋನಿಯಾದಿಂದ ತೀರಿಕೊಂಡನು. ದಕ್ಷಿಣಾರ್ಧದ ಕೆಲಸ ಹೊಲಬರ್ಡ್ ಮತ್ತು ರೋಷ್ ಇವರ ಪಾಲಿಗೆ ಬಂದಿತು. ಅವರು ಅದೇ ಬಣ್ಣದ ಇಟ್ಟಿಗೆಯನ್ನೂ ಅದೇ ಬಗೆಯ ಹೊರಚಾಚಿದ ಕಿಟಕಿಗಳನ್ನೂ ಇಟ್ಟುಕೊಂಡರು. ಒಳಗೆ ಮಾತ್ರ ಉಕ್ಕಿನ ಹಂದರವನ್ನು ನಿಲ್ಲಿಸಿದರು. ಗೋಡೆ ತೆಳ್ಳಗಾಯಿತು, ಕಿಟಕಿ ಅಗಲವಾಯಿತು, ತೂಕವೂ ವೆಚ್ಚವೂ ಇಳಿದುವು, ಬಾಡಿಗೆಗೆ ದೊರೆತ ಜಾಗ ಹೆಚ್ಚಾಯಿತು. ಅದೇ ಮಾಲೀಕರು, ಅದೇ ಬೀದಿ, ಅದೇ ಉದ್ದೇಶ. ತಕ್ಕಡಿಯ ಎರಡು ತಟ್ಟೆಗಳಂತೆ ಎರಡು ಪದ್ಧತಿಗಳು ಅಕ್ಕಪಕ್ಕದಲ್ಲಿ ನಿಂತಾಗ ತೀರ್ಪು ಹೇಳಲು ಯಾವ ಪಂಡಿತನೂ ಬೇಕಾಗಲಿಲ್ಲ. ಇಟ್ಟಿಗೆಯ ಗೋಡೆಯೇ ಭಾರ ಹೊರುವ ಇಷ್ಟು ಎತ್ತರದ ಕಚೇರಿಯನ್ನು ಆ ನಗರದಲ್ಲಿ ಮತ್ತೆ ಯಾರೂ ಕಟ್ಟಲಿಲ್ಲ. ಆ ಹೊತ್ತಿಗೆ ಎತ್ತರದ ಹುಚ್ಚು ಎಷ್ಟಾಗಿತ್ತೆಂದರೆ, 1893ರಲ್ಲಿ ನಗರಸಭೆಯವರು 130 ಅಡಿಗಿಂತ ಎತ್ತರವಾಗಿ ಕಟ್ಟಬಾರದೆಂದು ನಿಬಂಧನೆಯನ್ನೇ ಮಾಡಿದರು.

ಈ ಎರಡು ಅರ್ಧಗಳೂ ಸೇರಿದಾಗ ಸುಮಾರು 1,200 ಕೋಣೆಗಳ, ಪ್ರಪಂಚದಲ್ಲಿಯೇ ಅತ್ಯಂತ ದೊಡ್ಡ ಕಚೇರಿಯ ಕಟ್ಟಡವೆಂದು ಅದು ಹೆಸರಾಯಿತು. ಮಾಲೀಕರು ಅದನ್ನು ನಾಲ್ಕು ಭಾಗಗಳಾಗಿ ಮಾಡಿ, ಅಮೆರಿಕದ ಈಶಾನ್ಯ ಪ್ರಾಂತಗಳ ನಾಲ್ಕು ಬೆಟ್ಟಗಳ ಹೆಸರನ್ನಿಟ್ಟಿದ್ದರು: ಮೊನಾಡ್ನಾಕ್, ಕಿಯರ್‌ಸಾರ್ಜ್, ಕಟಾಡಿನ್, ವಾಚೂಸೆಟ್. ಉಳಿದ ಮೂರು ಹೆಸರುಗಳು ಬಳಕೆಯಿಂದ ಬಿದ್ದುಹೋದುವು. ಸುತ್ತಲಿನ ನೆಲವೆಲ್ಲ ಸವೆದುಹೋದ ಮೇಲೂ ಬಯಲಿನಲ್ಲಿ ಒಂಟಿಯಾಗಿ ಉಳಿದು ನಿಲ್ಲುವ ಬೆಟ್ಟವನ್ನು ಭೂಶಾಸ್ತ್ರಜ್ಞರು ಮೊನಾಡ್ನಾಕ್ ಎಂದು ಕರೆಯುತ್ತಾರೆ. ಸಾವನದುರ್ಗವನ್ನು ದೂರದಿಂದ ಕಂಡವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿಗೆ ತಕ್ಕಂತೆಯೇ ಕಟ್ಟಡದ ಭಾಗ್ಯವೂ ಆಯಿತು.

1893ನೆಯ ವರ್ಷ ನಮಗೂ ನೆನಪಿರುವ ವರ್ಷ. ಷಿಕಾಗೋ ನಗರದಲ್ಲಿ ಜಗತ್ಪ್ರದರ್ಶನ ನಡೆದದ್ದು ಆಗ. ಅದರ ನಿರ್ಮಾಣಕಾರ್ಯಕ್ಕೆ ಮುಖ್ಯಸ್ಥನಾಗಿದ್ದವನು ಇದೇ ಬರ್ನಮ್. ಹಿಂದಿನ ವರ್ಷ ಮೈಸೂರಿಗೆ ಬಂದು, ದಿವಾನ್ ಶೇಷಾದ್ರಿ ಅಯ್ಯರವರ ಅತಿಥಿಯಾಗಿದ್ದು, ಚಾಮರಾಜೇಂದ್ರ ಒಡೆಯರನ್ನು ಕಂಡಿದ್ದ ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಆ ಪ್ರದರ್ಶನದ ಅಂಗವಾಗಿಯೇ. ಸಮ್ಮೇಳನ ಕೂಡಿದ ಮಂದಿರ ಮೊನಾಡ್ನಾಕಿನಿಂದ ಕೆಲವೇ ಫರ್ಲಾಂಗುಗಳ ದೂರದಲ್ಲಿದೆ. ಸರೋವರದ ತೀರದಲ್ಲಿ ಬರ್ನಮನ ಮೇಲ್ವಿಚಾರಣೆಯಲ್ಲಿ ಎದ್ದ ಬಿಳಿಯ ಅರಮನೆಗಳನ್ನು ಲೋಕವೆಲ್ಲ ಹೊಗಳಿತು. ಕಂಬಗಳೇನು, ಕಮಾನುಗಳೇನು, ಪ್ರತಿಮೆಗಳೇನು! ಅವುಗಳಲ್ಲಿ ಬಹುಪಾಲು ಹಂದರದ ಮೇಲೆ ಮೆತ್ತಿದ ಗಚ್ಚಿನ ಕೆಲಸ. 1894ರ ಬೆಂಕಿಯಲ್ಲಿ ಎಷ್ಟೋ ಬೂದಿಯಾದುವು. ಯಾರೂ ಯಾತ್ರೆ ಬಂದು ನೋಡದ ಇಟ್ಟಿಗೆಯ ಕಚೇರಿ ಪೇಟೆಯ ಅಂಚಿನಲ್ಲಿ ನಿಂತೇ ಇತ್ತು.

ಕಟ್ಟಡ ನಿಲ್ಲುವುದಕ್ಕೆ ಗಟ್ಟಿತನವೊಂದೇ ಸಾಲದು. ಬಾಡಿಗೆಗಾಗಿ ಹುಟ್ಟಿದುದು ಬಾಡಿಗೆ ಕಡಮೆಯಾದಾಗ ಸಾಯಬೇಕೆಂಬುದು ಪೇಟೆಯ ಧರ್ಮ. ಮಾಂಟಾಕ್ ಕಟ್ಟಡವನ್ನು 1902ರಲ್ಲಿ ಕೆಡವಿದರು, ಟಕೋಮಾ ಕಟ್ಟಡವನ್ನು 1929ರಲ್ಲಿ, ಹೋಂ ಇನ್ಷೂರೆನ್ಸ್ ಕಟ್ಟಡವನ್ನು 1931ರಲ್ಲಿ. ಬರ್ನಮ್ ಮತ್ತು ರೂಟ್ ಕಟ್ಟಿದ, ಒಂದು ಕಾಲದಲ್ಲಿ ನಗರದಲ್ಲೆಲ್ಲ ಎತ್ತರವಾಗಿದ್ದ ಮೇಸಾನಿಕ್ ಟೆಂಪಲ್ 1939ರಲ್ಲಿ ನೆಲಸಮವಾಯಿತು. ಯಾವುದೂ ಬಿರುಕು ಬಿಟ್ಟು ಬಿದ್ದುದಲ್ಲ. ಅದೇ ನೆಲದಲ್ಲಿ ಇನ್ನೊಂದು ಕಟ್ಟಿದರೆ ಹೆಚ್ಚು ಬರುತ್ತದೆಂಬ ಲೆಕ್ಕದಿಂದ ಬಿದ್ದುದು. ಮೊನಾಡ್ನಾಕಿಗೂ ಕಷ್ಟ ತಪ್ಪಲಿಲ್ಲ. ಕಾಲಕ್ಕೆ ಒಗ್ಗಿಸಬೇಕೆಂದು 1938ರಲ್ಲಿ ಅದರ ಒಳಭಾಗವನ್ನು ಮಾರ್ಪಡಿಸಿದರು. ಹಳೆಯ ಮೊಸಾಯಿಕ್ ನೆಲವೂ ಮರದ ಕೆಲಸವೂ ಮರೆಯಾದುವು. 1966ರಲ್ಲಿ ಅದು ಹಳೆಯ ಆಡಳಿತದ ಕೈಬಿಟ್ಟಿತು. 1970ರಲ್ಲಿ ಅದನ್ನು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿದರು. 1973ರಲ್ಲಿ ನಗರಸಭೆಯೂ ಅದಕ್ಕೆ ಸ್ಮಾರಕವೆಂಬ ಮಾನ್ಯತೆಯನ್ನು ಕೊಟ್ಟಿತು.

ಮಾನ್ಯತೆ ಸೂರಿನ ಸೋರಿಕೆಯನ್ನು ನಿಲ್ಲಿಸುವುದಿಲ್ಲ. 1979ರಲ್ಲಿ ಅದನ್ನು ಕೊಂಡ ಹೊಸ ಮಾಲೀಕರು ಹಳೆಯ ನಕ್ಷೆಗಳನ್ನೂ ಭಾವಚಿತ್ರಗಳನ್ನೂ ಮುಂದಿಟ್ಟುಕೊಂಡು, ಒಂದೊಂದು ಅಂತಸ್ತಾಗಿ, ಹತ್ತು ವರ್ಷಕ್ಕೂ ಮಿಕ್ಕಿ ದುರಸ್ತು ಮಾಡಿಸಿದರು. ಮೊಸಾಯಿಕ್ ನೆಲ ಮರಳಿ ಬಂದಿತು. ಗಾಜು ಮತ್ತು ಮರದ ತಡಿಕೆಗಳು ಮರಳಿ ಬಂದುವು. ಓಣಿಯಲ್ಲಿ ಹಳೆಯ ಮಾದರಿಯ ದೀಪಗಳು ಹತ್ತಿದುವು. ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅವರು ಅದನ್ನು ವಸ್ತುಪ್ರದರ್ಶನಾಲಯವಾಗಿ ಮಾಡಲಿಲ್ಲ. ಚಿಕ್ಕ ಚಿಕ್ಕ ಕಚೇರಿಗಳಿಗೂ ಅಂಗಡಿಗಳಿಗೂ ಬಾಡಿಗೆಗೇ ಕೊಟ್ಟರು. ದೊಡ್ಡ ಕಂಪೆನಿಗಳಿಗೆ ಅನುಕೂಲವಲ್ಲದ ಪುಟ್ಟ ಕೋಣೆಗಳು ವಕೀಲರಿಗೂ ಕುಶಲ ಕಸಬಿನವರಿಗೂ ತಕ್ಕವಾದುವು. ಕಟ್ಟಡ ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನೇ ಇಂದಿಗೂ ಮಾಡುತ್ತಿದೆ.

ಈಗಿನ ಬೆಂಗಳೂರಿನಲ್ಲಿ ಏಳುತ್ತಿರುವ ಗಾಜಿನ ಕಚೇರಿಗಳೆಲ್ಲ ಮೊನಾಡ್ನಾಕಿನ ದಕ್ಷಿಣಾರ್ಧದ ಸಂತತಿಗೆ ಸೇರಿದುವು. ಅಲ್ಲಿ ಗೋಡೆ ಏನನ್ನೂ ಹೊರುವುದಿಲ್ಲ. ಬಿಸಿಲನ್ನು ತಡೆಯುವ ಕೆಲಸವನ್ನೂ ಎಷ್ಟೋ ವೇಳೆ ಯಂತ್ರಕ್ಕೆ ಒಪ್ಪಿಸಿದೆ. ಅದನ್ನು ನಿಂದಿಸಿ ಫಲವಿಲ್ಲ. ಅದು ಲೆಕ್ಕದ ತೀರ್ಪು, ಆ ತೀರ್ಪು 1893ರಲ್ಲಿಯೇ ಆಗಿಹೋಯಿತು. ಆದರೆ ಪೇಟೆಯ ಹಳೆಯ ಕಟ್ಟಡವೊಂದನ್ನು ಕೆಡವಬೇಕೆಂಬ ಮಾತು ನಮ್ಮ ಊರುಗಳಲ್ಲಿ ಬಂದಾಗಲೆಲ್ಲ, ವರಮಾನವಿಲ್ಲದ್ದಕ್ಕೆ ಉಳಿಯುವ ಹಕ್ಕಿಲ್ಲವೆಂದು ಒಂದು ಪಕ್ಷದವರೂ, ಪುರಾತನವಾದುದನ್ನು ಮುಟ್ಟಬಾರದೆಂದು ಇನ್ನೊಂದು ಪಕ್ಷದವರೂ ವಾದಿಸುತ್ತಾರೆ. ಮೊನಾಡ್ನಾಕಿನ ವೃತ್ತಾಂತ ಎರಡು ಪಕ್ಷಕ್ಕೂ ಪೂರ್ತಿಯಾಗಿ ಒಪ್ಪುವುದಲ್ಲ. ಲೆಕ್ಕದ ಕಟ್ಟುನಿಟ್ಟಿನಿಂದಲೇ ಅದಕ್ಕೆ ಸೌಂದರ್ಯ ಬಂದಿತು. ಲೆಕ್ಕದ ಒತ್ತಾಯದಿಂದಲೇ ಅದರ ಪದ್ಧತಿ ಅಳಿಯಿತು. ಕೊನೆಗೆ ತಾಳ್ಮೆಯಿಂದ ಹಾಕಿದ ಇನ್ನೊಂದು ಲೆಕ್ಕದಿಂದಲೇ ಅದು ಉಳಿಯಿತು. ಹಳೆಯ ಕಟ್ಟಡವನ್ನು ಉಳಿಸಲು ಹೊರಡುವವರು ಅದರ ಅಂದವನ್ನು ಹೊಗಳುವುದರ ಜೊತೆಗೆ, ಅದರೊಳಗೆ ನಾಳೆ ಯಾರು ಕುಳಿತು ಏನು ಕೆಲಸ ಮಾಡುವರು ಎಂಬುದನ್ನೂ ಯೋಚಿಸಿಕೊಂಡು ಹೊರಟರೆ ಅವರ ಪ್ರಯತ್ನ ಸಫಲವಾದೀತು.